ಕುರಿಯ ಮುಂದೆ ಬೀಳುವ ಕಲ್ಲು

ಶರಣಮ್ಮಕ್ಕನ ಎಡಗಣ್ಣು ಹೋದದ್ದು ನನ್ನ ಕಲ್ಲಿನಿಂದ — ಇದು ನಮ್ಮೂರು ನಾಗಲಗಿದ್ದದಲ್ಲಿ ಎಲ್ಲರಿಗೂ ಗೊತ್ತು. ಆದರೆ ಯಾಕೆ ಎಸೆದೆ ಎಂದು ಕೇಳಿದವರಿಗೆಲ್ಲ ನಾನು ಹೇಳಿದ್ದು ಸುಳ್ಳು.

ನಾರಾಯಣಖೇಡದಿಂದ ಬರುವ ಬಸ್ಸು ಅದು. ನಾನು ರಸ್ತೆ ಬದಿಯ ಮೋರಿಯ ಮೇಲೆ ಕೂತಿದ್ದೆ. ಕುಡಿದಿರಲಿಲ್ಲ, ಯಾರ ಮೇಲೂ ಸಿಟ್ಟಿರಲಿಲ್ಲ, ಆ ಬಸ್ಸು ಹತ್ತಬೇಕಾದವನೂ ಅಲ್ಲ. ಕೈಗೊಂದು ಕಲ್ಲು ಸಿಕ್ಕಿತು, ಬಸ್ಸು ಬಂತು, ಕೈ ಎದ್ದಿತು — ಅಷ್ಟೇ. ಕಿಟಕಿಯಲ್ಲಿ ಯಾರಿದ್ದಾರೆಂದು ನೋಡಿರಲೂ ಇಲ್ಲ. ಕಾರಣವೇನೆಂದು ಪೊಲೀಸರು ಕೇಳಿದರು, ವಕೀಲರು ಕೇಳಿದರು, ಹಡೆದವ್ವ ಅಳುತ್ತ ಕೇಳಿದಳು. ಏನೂ ಇಲ್ಲ ಎನ್ನಲು ನನಗೇ ಹೆದರಿಕೆ. ಕಾರಣವಿಲ್ಲದೆ ಒಬ್ಬರ ಕಣ್ಣು ತೆಗೆದವನು — ಅವನು ಎಂಥವನು?

"ಕೈ ಮಾಡಿದ್ರೂ ಡ್ರೈವರ್ ಬಸ್ ನಿಂದ್ರಸಲಿಲ್ರಿ. ಸಿಟ್ಟಿಗೆದ್ದು ಒಗದೆ" ಅಂದೆ. ಎಲ್ಲರೂ ನಂಬಿದರು. ಡ್ರೈವರ್ ಮಾಣಿಕಪ್ಪ ಜನರ ಬೈಗುಳ ತಾಳಲಾರದೆ ಆ ದಾರಿಯನ್ನೇ ಬಿಟ್ಟು ತನ್ನೂರು ತಾಂಡೂರಿಗೆ ಹೋದ.

ಶಿಕ್ಷೆ ಮುಗಿಸಿ ಬಂದಾಗ ಜಹೀರಾಬಾದಿನಲ್ಲಿ ಹಮಾಲಿಗೂ ನನ್ನನ್ನು ಯಾರೂ ಕರೆಯಲಿಲ್ಲ. ಕರೆದವಳು — ನಂಬುತ್ತೀರಾ? — ಶರಣಮ್ಮಕ್ಕ! "ಸಿಟ್ಟು ಯಾರಿಗಿಲ್ಲೋ ತಮ್ಮಾ? ನಮ್ಮ ಕುರಿ ಕಾಯಿ ಬಾ" ಅಂದಳು. ಮೊದಲ ದಿನವೇ ಕಲ್ಲೊಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ನಾನು ಅದನ್ನು ಕೆಳಗಿಡಲು ಹೋದೆ.

"ಕುರಿಗಿ ಹೊಡಿಬ್ಯಾಡ. ಅದರ ಮುಂದ ಒಗಿ, ತಾನೇ ತಿರಗ್ತದ."

ಎಸೆದೆ. ಜೋಳದ ಹೊಲಕ್ಕೆ ನುಗ್ಗಲು ಹೊರಟಿದ್ದ ಕುರಿ ಮುಂದೆ ಬಿದ್ದ ಕಲ್ಲಿನ ಸಪ್ಪಳಕ್ಕೆ ತಿರುಗಿ ಹಿಂಡು ಸೇರಿತು. ಅಬ್ಬಾ, ಇದೂ ಅದೇ ಕೈಯಾ! ಅಂದಿನಿಂದ ನಡೆಯುವಾಗೆಲ್ಲ ಅಕ್ಕ ನನ್ನನ್ನು ತನ್ನ ಕಾಣದ ಕಣ್ಣಿನ ಬದಿಗೇ ಬಿಟ್ಟುಕೊಂಡು ನಡೆದಳು. ಆ ನಂಬಿಕೆ ನನಗೆ ಇವತ್ತಿಗೂ ದೊಡ್ಡ ಸೋಜಿಗ. ಅದರ ಪಕ್ಕದಲ್ಲೇ ನಾನು ಸುಳ್ಳು ಹೊತ್ತು ವರ್ಷಗಟ್ಟಲೆ ನಡೆದೆ.

ನಿನ್ನೆ ಮೇವಿನ ದಾರಿಯಲ್ಲಿ ಅವಳು ಅಂದಳು: "ಆ ಮಾಣಿಕಪ್ಪ ಬಸ್ ನಿಂದ್ರಿಸಿದ್ರ ನನ್ನ ಕಣ್ಣೂ ಉಳೀತಿತ್ತು, ನಿನ್ನ ಬಾಳೂ ಹಾಳಾಗ್ತಿರಲಿಲ್ಲ."

ಇನ್ನು ತಡೆಯಲಾಗಲಿಲ್ಲ. "ಅಕ್ಕಾ, ನಾ ಬಸ್ಸಿಗಿ ಕೈ ಮಾಡೇ ಇರಲಿಲ್ರಿ. ಸಿಟ್ಟೂ ಇರಲಿಲ್ಲ. ಸುಮ್ನ ಒಗದೆ."

"ಸುಮ್ನ?" ಅವಳು ನಿಂತುಬಿಟ್ಟಳು. "ಇನ್ನೊಮ್ಮೆ ಹಂಗ ಕೈ ಎದ್ರ?"

ಏಳುವುದಿಲ್ಲ ಎನ್ನಬಹುದಿತ್ತು. "ಗೊತ್ತಿಲ್ರಿ ಅಕ್ಕಾ" ಅಂದೆ.

 ಅವಳು ನನ್ನನ್ನು ಸುತ್ತುಹಾಕಿ ಆಚೆ ಬದಿಗೆ ಬಂದಳು — ಈಗ ಅವಳ ಕಾಣುವ ಕಣ್ಣು ನನ್ನ ಕಡೆಗಿತ್ತು. "ಇನ್ಮ್ಯಾಗ ನೋಡ್ಕೋತ ನಡೀತೀನಿ. ಮುಂಜಾನಿ ತಾಂಡೂರಿಗಿ ಹೋಗಿ ಅವನ ಮುಂದ ಖರೇ ಹೇಳು. ಸಂಜಿಗಿ ಬಂದು ಕುರಿ ಹೊಡಕೊಂಡು ಬಾ."

ಬಾ ಅಂದಳು. ಎಲ್ಲ ಕೇಳಿದ ಮೇಲೂ!

ಈಗ ತಾಂಡೂರಿನ ಬಸ್ಸಿನಲ್ಲಿದ್ದೇನೆ, ಕಿಟಕಿ ಪಕ್ಕ. ರಸ್ತೆ ಬದಿಯಲ್ಲಿ ಯಾರಾದರೂ ಸುಮ್ಮನೆ ಕೂತದ್ದು ಕಂಡರೆ ನನ್ನ ಕೈ ತಾನಾಗಿ ಕಣ್ಣಿಗೆ ಅಡ್ಡ ಹೋಗುತ್ತದೆ.