ಮೊದಲ ಹೆಸರಿಗೆ ಓಗೊಟ್ಟ ಮನೆತನ

ಗಾಬಿಯಿ ಪಟ್ಟಣದ ಚೌಕದ ಕಲ್ಲಿನ ಮೇಲೆ ನಿಂತು ಊರಿನ ಮದುವೆ, ಮರಣ, ಹರಾಜು, ಯುದ್ಧಗಳನ್ನೆಲ್ಲ ತಮ್ಮ ಕಂಠದಿಂದ ಸಾರಿದ ಮಾನ್ಯ ನುಮೇರಿಯಸ್ ಕಾಡೂಸಿಯಸ್ ಅವರು ಈಚೆಗೆ ಸಾರುವ ಹುದ್ದೆಯಿಂದ ನಿವೃತ್ತರಾದರು. ಲಾಟಿಯಂ ಸೀಮೆಯಲ್ಲಿ ಸಾರುವವರಿಗೇನೂ ಬರವಿಲ್ಲ. ಆದರೆ ಸತ್ತ ಬಡವನ ಹೆಸರನ್ನೂ ಬದುಕಿರುವ ಅಧಿಕಾರಿಯ ಹೆಸರಿನಷ್ಟೇ ಗೌರವದಿಂದ ಕೂಗಿದ ಕಂಠ ಮತ್ತೊಂದಿಲ್ಲವೆಂಬುದನ್ನು ನೆರೆಯೂರಿನವರೂ ಒಪ್ಪುತ್ತಾರೆ. ಅವರ ಅಭಿನಂದನೆಯ ಈ ಸುರುಳಿಗೆ ನಾಲ್ಕು ಮಾತು ಬರೆಯಲು ಕುಳಿತ ಊರಿನವರಾದ ನಾವು ಮೂರು ಸಲ ಅಳಿಸಿ ಬರೆದಿದ್ದೇವೆ. ಆದದ್ದು ಅಂಥದ್ದು.

ಕಾಡೂಸಿಯ ಮನೆತನ ದೊಡ್ಡದಲ್ಲ. ಅವರಲ್ಲಿ ಯಾರೂ ದೊಡ್ಡ ಅಧಿಕಾರ ಕಂಡವರಲ್ಲ. ಅಧಿಕಾರ ಕಂಡವರ ಮನೆಗಳಲ್ಲಿರುವಂತೆ ಅವರ ನಡುಮನೆಯ ಕಪಾಟಿನಲ್ಲಿ ಪೂರ್ವಿಕರ ಮೇಣದ ಮುಖಗಳೂ ಇಲ್ಲ. ಊರಿಗೆ ನೆನಪಿರುವುದು ಜೂನೋ ದೇವಿಯ ಗುಡಿಯ ಸೂರಿನಿಂದ ಬಿದ್ದು ಸತ್ತ ಅಜ್ಜ ವಿಬಿಯಸ್, ಮತ್ತು ಎಲ್ಲಿಂದಲೂ ಬೀಳದೆ ಹಾಸಿಗೆಯಲ್ಲೇ ಸತ್ತು ಊರನ್ನು ನಿರಾಸೆಗೊಳಿಸಿದ ತಂದೆ. ಆ ಮನೆತನದ ಹೆಸರೇ ಹಾಗೆ. ನಮ್ಮ ನುಡಿಯಲ್ಲಿ ಕಾಡೂಸಿಯಸ್ ಎಂದು ಕೇಳಿದರೆ 'ಬೀಳುವವ' ಎಂದೇ ಕಿವಿಗೆ ತಾಗುತ್ತದೆ. ಆದ್ದರಿಂದ ಬಲಿಪೂಜೆಯಲ್ಲಾಗಲಿ, ಸೈನ್ಯಕ್ಕೆ ಆಳು ಕರೆಯುವಾಗಲಾಗಲಿ, ಆ ಮನೆಯವರನ್ನು ಎಲ್ಲರಿಗಿಂತ ಕಡೆಗೆ, ದನಿ ತಗ್ಗಿಸಿ ಕರೆಯುವುದು ರೂಢಿ. ಹಾಗಿದ್ದೂ ನುಮೇರಿಯಸ್ ಅವರಿಗೆ ಈ ಹುದ್ದೆ ಸಿಕ್ಕಿದ್ದು ಸರಳ ಕಾರಣಕ್ಕೆ: ಸಾರುವವನು ಊರಿನವರೆಲ್ಲರ ಹೆಸರು ಕೂಗುತ್ತಾನೆ, ತನ್ನದೊಂದನ್ನು ಬಿಟ್ಟು.

ಮೊದಲು ಕರೆಯುವ ಹೆಸರು ಶುಭದ್ದಾಗಿರಬೇಕೆಂಬ ನಿಯಮವನ್ನು ಅವರಷ್ಟು ಶ್ರದ್ಧೆಯಿಂದ ಪಾಲಿಸಿದವರಿಲ್ಲ. ರೊಟ್ಟಿಯಂಗಡಿಯ ಸಾಲ್ವಿಯಸ್‌ನ ಹೆಸರಿನಲ್ಲಿ ಕ್ಷೇಮವೆಂಬ ಅರ್ಥವಿದ್ದುದರಿಂದ, ದಂಡಿಗೆ ಹೋಗುವ ವಯಸ್ಸು ಮೀರಿದ ಮೇಲೂ ರೂಢಿಗಾಗಿ ಅವನದೇ ಮೊದಲ ಕರೆ. ಅವನೋ ಆ ಹೆಮ್ಮೆಯಲ್ಲೇ ಊದಿಕೊಂಡು, ರೊಟ್ಟಿಯ ಗಾತ್ರವನ್ನು ಮಾತ್ರ ಕುಗ್ಗಿಸುತ್ತ ಹೋದ. ವಿಧವೆ ಹೋಸ್ಟಿಲಿಯಾಳ ಗಂಡ ಸತ್ತಾಗ ಸಾವನ್ನು ಸಾರಿಸಲು ಆಕೆಯ ಬಳಿ ಕಾಸಿರಲಿಲ್ಲ. ನುಮೇರಿಯಸ್ ಯಾರೂ ಕೇಳದೆಯೇ ಎಲ್ಲ ಬೀದಿಗಳಲ್ಲಿ ಅವನ ಹೆಸರು ಕೂಗಿ ಬಂದರು. ಚಿತೆಯ ಬಳಿ ಊರಿಗೆ ಊರೇ ಸೇರಿತ್ತು. ಆಕೆ ಇಂದಿಗೂ ಅದನ್ನು ಹೇಳಿಕೊಂಡು ಅಳುತ್ತಾಳೆ.

ಹೋದ ವಸಂತದಲ್ಲಿ ಆ ಸಾಲ್ವಿಯಸ್ ತೀರಿಕೊಂಡ. ಅವನ ಸಾವನ್ನು ನುಮೇರಿಯಸ್ ಬೆಳಿಗ್ಗೆ ತಾವೇ ಸಾರಿದ್ದರು. ಮಧ್ಯಾಹ್ನ ಲಿಗೂರಿಯದ ದಂಡಯಾತ್ರೆಗೆ ಆಳು ಕರೆಯಬೇಕಾಗಿತ್ತು. ಕಲ್ಲು ಹತ್ತಿದರು, ಗಂಟಲು ಸರಿಮಾಡಿಕೊಂಡರು, ಬಾಯಿ ತನ್ನ ಹಳೆಯ ದಾರಿ ಹಿಡಿಯಿತು. ಮೊದಲ ಹೆಸರಾಗಿ ಹೊರಬಿದ್ದದ್ದು ಸಾಲ್ವಿಯಸ್‌ನದೇ.

ಸತ್ತವನನ್ನು ಯುದ್ಧಕ್ಕೆ ಕರೆದದ್ದಾಗಿತ್ತು. ಹೊರಡುವ ಹುಡುಗರ ತಾಯಂದಿರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೊದಲ ಕರೆಗೆ ಯಾರೂ ಓಗೊಡದಿದ್ದರೆ ಆ ದಂಡಿನಿಂದ ಯಾರೂ ಮರಳುವುದಿಲ್ಲವೆಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಮಾತು. ನುಮೇರಿಯಸ್ ತಮ್ಮ ಸಾರುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಗುಂಪಿನ ಮುಖಗಳನ್ನು ಒಂದೊಂದಾಗಿ ನೋಡಿದರು.

"ಇದ್ದೀನಿ" ಎಂದಿತು ಒಂದು ದನಿ.

ನೋಡಲು ಬಂದವರ ನಡುವಿನಿಂದ ನುಮೇರಿಯಸ್ ಅವರ ಒಬ್ಬನೇ ಮಗ, ಹೆಂಚು ಸುಡುವ ಸೆಕ್ಸ್‌ಟಸ್ ಮುಂದೆ ಬಂದ. ಆ ವರ್ಷ ಅವನ ಸರದಿಯಿರಲಿಲ್ಲ. ಆಳು ಸೇರಿಸುವ ಅಧಿಕಾರಿ ತಡಮಾಡದೆ ತಲೆಯಾಡಿಸಿ ಅವನನ್ನು ದಂಡಿಗೆ ಬರೆದುಕೊಂಡ. ಕರೆಗೆ ಉತ್ತರ ಬಂದರೆ ಸಾಕು, ಯಾರ ಬಾಯಿಂದ ಬಂತೆಂದು ನಮ್ಮ ದೇವತೆಗಳೂ ವಿಚಾರಿಸುವುದಿಲ್ಲ. ತಂದೆ ಕಲ್ಲಿನಿಂದ ಇಳಿದು ಮಗನ ತೋಳು ಹಿಡಿದರು.

"ಏನೋ ಮಾಡ್ಬಿಟ್ಟೆ ನೀನು?"

"ಯಾರಾದ್ರೂ ಬೀಳ್ಲೇಬೇಕು ಅಂದ್ರೆ ನಮ್ಮನೆಯೋರೇ ಬೀಳ್ಲಿ ಬಿಡಪ್ಪಾ," ಎಂದ ಮಗ, ನಗುತ್ತಲೇ. "ಹೆಸರಿಗಾದ್ರೂ ಮರ್ಯಾದೆ ಬರ್ಲಿ. ಹೋಗು, ಮುಂದಿನ ಹೆಸರು ಕರಿ."

ಅವರು ಕರೆದರು. ಹೇಗೆ ಕರೆದರೋ ಅವರಿಗೇ ನೆನಪಿಲ್ಲವಂತೆ.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ದಂಡು ಮರಳಿತು. ಹೋದವರೆಲ್ಲ ಬಂದರು, ಸೆಕ್ಸ್‌ಟಸ್ ಒಬ್ಬನನ್ನು ಬಿಟ್ಟು. ತಾಯಂದಿರು ಮಕ್ಕಳನ್ನು ತಬ್ಬಿಕೊಂಡು ಅಳುತ್ತಿದ್ದಾಗ ನುಮೇರಿಯಸ್ ಕಲ್ಲು ಹತ್ತಿ, ಸೆಕ್ಸ್‌ಟಸ್ ಕಾಡೂಸಿಯಸ್ ಮೃತನಾದನೆಂದು, ದನಿ ಒಂದಿಷ್ಟೂ ತಗ್ಗಿಸದೆ ಸಾರಿದರು. ಆ ಹೆಸರು ಚೌಕದಲ್ಲಿ ಅಷ್ಟು ಗಟ್ಟಿಯಾಗಿ ಕೇಳಿಸಿದ್ದು ಅದೇ ಮೊದಲು. ತಲೆಮಾರುಗಳಿಂದ ಅದನ್ನು ಪಿಸುಗುಟ್ಟಿದ ನಮಗೆ ಮುಖವೆತ್ತಿ ನೋಡಲಾಗಲಿಲ್ಲ. ಇಳಿದವರು ತಮ್ಮ ಕೋಲನ್ನು ಅಧಿಕಾರಿಯ ಕೈಗಿತ್ತು ಮನೆಗೆ ನಡೆದರು. ಅವರ ನಿವೃತ್ತಿ ಎಂದರೆ ಅದು.

ಇಂಥ ಸುರುಳಿಯ ಕೊನೆಯಲ್ಲಿ ದೀರ್ಘಾಯುಸ್ಸನ್ನು ಹಾರೈಸುವುದು ಪದ್ಧತಿ. ಅದನ್ನು ತಿಳಿಸಲು ಹೋದಾಗ ಅವರು ಬಾಗಿಲಲ್ಲೇ ನಿಂತು ಹೇಳಿದರು: "ಆಯುಸ್ಸೊಂದು ಬಿಟ್ಟು ಬೇರೆ ಏನಾದ್ರೂ ಹಾರೈಸ್ರಪ್ಪ. ಅದನ್ನಿಟ್ಕೊಂಡು ನಾನೇನ್ ಮಾಡ್ಲಿ?"

ಅದಕ್ಕೆ ಉತ್ತರ ಸಿಕ್ಕಿದ್ದು ಮೊನ್ನೆ, ಹೊಸ ವರ್ಷದ ಸಭೆಯಲ್ಲಿ. ಹೊಸದಾಗಿ ಸಾರಲು ಬಂದ ಟಿಟೀನಿಯಸ್ ಕಲ್ಲು ಹತ್ತಿ, ಯಾರನ್ನೂ ಕೇಳದೆ, ಮೊಟ್ಟಮೊದಲ ಹೆಸರಾಗಿ ನುಮೇರಿಯಸ್ ಕಾಡೂಸಿಯಸ್ ಎಂದು ಕೂಗಿದ. ಎಲ್ಲರೂ ಹಿಂತಿರುಗಿ ನೋಡಿದರು. ಹಿಂದೆ ಕಾರಂಜಿಯ ಬಳಿಯಿದ್ದ ನುಮೇರಿಯಸ್ ಕಟ್ಟೆ ಹಿಡಿದು ನೆಟ್ಟಗಾದರು.

"ಇದ್ದೀನಿ" ಎಂದರು ಕಡೆಗೆ.

ಈ ಊರಿನ ಎಲ್ಲ ಸಭೆಗಳಿಗೂ ಇನ್ನು ಮೊದಲ ಹೆಸರು ಅದೇ ಎಂದು ಅಂದೇ ತೀರ್ಮಾನವಾಗಿದೆ. ಮನೆಯಲ್ಲಿ ಓಗೊಡಲು ಬೇರೆ ಯಾರೂ ಉಳಿದಿಲ್ಲ. ಆದ್ದರಿಂದ ಅವರು ಬೇಡವೆಂದರೂ ನಾವು ಆಯುಸ್ಸನ್ನೇ ಹಾರೈಸುತ್ತೇವೆ: ಮಾನ್ಯರು ಇರಬೇಕು, ನಾವು ಕರೆದಾಗಲೆಲ್ಲ ಇರಬೇಕು.