ಮೊಮ್ಮಗಳ ತಪ್ಪಿನ ಪುಸ್ತಕ

ನಮ್ಮ ಮನೆಯಲ್ಲಿ ಸಂಜೆಯ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕು. ಮೂಡುಬಿದಿರೆಯ ಜೈನರ ಮನೆಗಳಲ್ಲಿ ಇದು ಹೊಸದಲ್ಲ. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಮಲಗಿ ಬೆಳೆದವಳಾದ್ದರಿಂದ ಐದು ನಿಮಿಷವೂ ಆಚೀಚೆ ಆಗುವುದಿಲ್ಲ. ಊಟವಾದ ಮೇಲೆ ಪ್ರತಿಕ್ರಮಣ. ದಿನದ ತಪ್ಪುಗಳನ್ನು ನೆನೆದು ಒಪ್ಪಿಕೊಳ್ಳುವುದು. ಒಂಬತ್ತು ವರ್ಷದ ಮೊಮ್ಮಗಳಿಗೆ ಆ ಪ್ರಾಕೃತ ಪಾಠ ನಾಲಿಗೆಗೆ ಹತ್ತಲಿಲ್ಲ. ನಾನೇ ಒಂದು ಸುಲಭ ದಾರಿ ಮಾಡಿದೆ. ಒಂದು ನೋಟ್ ಪುಸ್ತಕ, ದಿನಕ್ಕೆ ಒಂದು ಸಾಲು. ಅವಳು ಬರೆಯಬೇಕು, ನಾನು ಓದಬೇಕು, ಆಮೇಲೆ ಕಪಾಟಿಗೆ ಬೀಗ.

"ಇದು ನಿನಗೆ, ನನಗೆ, ಬಸದಿಯ ಸ್ವಾಮಿಗೆ ಮಾತ್ರ ಗೊತ್ತಿರುವುದು" ಎಂದಿದ್ದೆ.

ಕಳೆದ ತಿಂಗಳು ನಾವಿಬ್ಬರೂ ನೆಂಟರ ಮನೆಗೆ ಹೋಗಿ, ಗುರುವಾಯನಕೆರೆಯಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯುತ್ತಿದ್ದೆವು. ಗುರುತಿಲ್ಲದ ಹೆಂಗಸೊಬ್ಬಳು ಹುಡುಗಿಯ ಗಲ್ಲ ಹಿಡಿದಳು.

"ಓ, ಪೆನ್ಸಿಲ್ ಕಳ್ಳಿ! ಕೊಟ್ಟಾಯ್ತಾ ಅದನ್ನು? ಇಲ್ಲ ಇನ್ನೂ ಹೆದರಿಕೆಯಾ?" ನನ್ನ ಕಡೆ ತಿರುಗಿ ನಕ್ಕಳು. "ನಮ್ಮ ಮನೆಯಲ್ಲಿ ಎಲ್ಲರೂ ನೋಡ್ತೇವೆ ಮಾರಾಯ್ರೆ. ಎಂಥಾ ಚಂದ ಬರೀತಾಳೆ!"

ಅದು ನೋಟ್ ಪುಸ್ತಕದ ಸಾಲು. 'ಪಕ್ಕದವಳ ಬಣ್ಣದ ಪೆನ್ಸಿಲ್ ಕದ್ದೆ. ವಾಪಸ್ ಕೊಡಲು ಹೆದರಿಕೆ.' ಆ ಸಾಲು ಓದಿ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಬಸ್ಸಿನಲ್ಲಿ ಹುಡುಗಿ ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಿಂದ ತಿರುಗಿ ಕೇಳಿದಳು. "ಅಜ್ಜಿ, ನೀವು ಹೇಳಿದ್ದಾ?"

"ಇಲ್ಲ ಮಗಾ."

"ಮತ್ತೆ ಯಾರಿಗೆ ಗೊತ್ತುಂಟು?"

ಊರು ಬರುವವರೆಗೂ ಅವಳ ಜಡೆಯನ್ನೇ ನೋಡುತ್ತಾ ಕುಳಿತೆ.

ಹುಡುಗಿಯ ಅಮ್ಮ, ನನ್ನ ಮಗಳು, ಮೊಬೈಲಿನಲ್ಲಿ ಮನೆಯ ವಿಡಿಯೋ ಹಾಕುತ್ತಾಳೆಂದು ನನಗೆ ಗೊತ್ತಿತ್ತು. ಅಡುಗೆಯದ್ದು ಎಂದುಕೊಂಡಿದ್ದೆ. ಮನೆಗೆ ಬಂದು ಕೇಳಿದಾಗ ಅಂಜದೆ ತೋರಿಸಿದಳು. ಸಂಗೀತದ ಜೊತೆಗೆ ಹುಡುಗಿ ಊಟ ಮಾಡುವ ಮುಖ, ತೆರೆದ ಪುಸ್ತಕ, ಆ ಗುಂಡು ಅಕ್ಷರ, ಕೆಳಗೆ ನನ್ನ ಕೆಂಪು ಶಾಯಿಯ ಗುರುತು. ಕಪಾಟಿನ ಕೀಲಿ ಎಲ್ಲಿತ್ತೆಂದು ಕೇಳುವ ಹಾಗೂ ಇರಲಿಲ್ಲ. ಅದು ಯಾವಾಗಲೂ ಮೂರನೆಯ ಮೊಳೆಯಲ್ಲೇ ಇರಬೇಕೆಂದು ಅವಳಿಗೆ ಕಲಿಸಿದವಳು ನಾನೇ.

"ಎಲ್ಲರೂ ಹೊಗಳಿದ್ದಾರಮ್ಮ. ಇಂಥ ಸತ್ಯವಂತ ಮಗು ಎಲ್ಲುಂಟು ಅಂತ ಕೇಳ್ತಾರೆ."

"ಇದರ ಮರುದಿನದ ಪುಟ ಯಾಕೆ ತೋರಿಸಲಿಲ್ಲ?"

ಮರುದಿನದ ಸಾಲು ಹೀಗಿತ್ತು: 'ಅಮ್ಮ ಫೋನಿನಲ್ಲಿ ಅಪ್ಪನ ಹತ್ತಿರ ಅಳುವಾಗ ಬಾಗಿಲ ಹಿಂದೆ ನಿಂತು ಕೇಳಿದೆ.'

"ಅದು ನನ್ನ ವಿಷಯ ಅಲ್ವಾ?" ಎಂದಳು ಮಗಳು. ಹೇಳಿದ ಮೇಲೆ ಅವಳ ಮುಖ ಬಣ್ಣಗೆಟ್ಟಿತು. ವಿಡಿಯೋ ಅಳಿಸಿದಳು. ಆದರೆ ಅದನ್ನು ಬೇರೆಯವರು ಆಗಲೇ ತೆಗೆದು ತಮ್ಮಲ್ಲಿ ಹಾಕಿಕೊಂಡಿದ್ದರಂತೆ. ಅದಕ್ಕೆ ಏನೂ ಮಾಡುವ ಹಾಗಿಲ್ಲವಂತೆ. ಮಗುವಿನ ಒಂದು ಸಾಲನ್ನು ಊರಿನಿಂದ ಮರಳಿ ತರಲು ಅವಳನ್ನು ಹೆತ್ತವಳಿಗೂ ಸಾಧ್ಯವಿಲ್ಲ!

ಮರುದಿನ ಊಟವಾದ ಮೇಲೆ ಪುಸ್ತಕ ತೆಗೆದು, ಮೊದಲು ನಾನೇ ಬರೆದೆ. 'ಮಗುವಿನ ಗುಟ್ಟನ್ನು ಕಾಗದದ ಮೇಲೆ ಬರೆಸಿದೆ. ಕೀಲಿಯನ್ನು ಎಲ್ಲರಿಗೂ ಗೊತ್ತಿರುವಲ್ಲಿ ಇಟ್ಟೆ.' ಪುಸ್ತಕವನ್ನೂ ಕೀಲಿಯನ್ನೂ ಮೊಮ್ಮಗಳ ಕೈಗೆ ಕೊಟ್ಟೆ.

ಅವಳು ಎರಡು ಸಲ ಓದಿದಳು. ಅಮ್ಮನಿದ್ದ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಆ ಹಾಳೆಯನ್ನು ನಿಧಾನವಾಗಿ ಹರಿದು, ನಾಲ್ಕಾಗಿ ಮಡಚಿ ನನ್ನ ಅಂಗೈಯಲ್ಲಿಟ್ಟಳು.

"ಇದು ನಿಮ್ಮ ಹತ್ತಿರವೇ ಇರಲಿ ಅಜ್ಜಿ. ಇಲ್ಲಿದ್ದರೆ ಎಲ್ಲರೂ ನೋಡ್ತಾರೆ."

ತನ್ನದೊಂದು ಸಾಲನ್ನು ಅವಳು ಬರೆಯಲಿಲ್ಲ. ಇಂದಿನವರೆಗೂ ಬರೆದಿಲ್ಲ.