ಆಯಿ ಗಾದಿ ಬದಲಿಸಲು ಹೋದದ್ದು

ನಮ್ಮದು ಉಣ್ಣೆ ಮಿಲ್ಲು ಎಂದು ಹೇಳಿಯೇ ನನಗೆ ಹೆಣ್ಣು ತಂದದ್ದು. ಹೆಣ್ಣಿನವರು ಕುಬಿಹಾಳಕ್ಕೆ ಬಂದು ನೋಡಿದಾಗ ಇದ್ದದ್ದು ಒಂದು ತಗಡಿನ ಶೆಡ್ಡು, ಒಂದು ಯಂತ್ರ ಮತ್ತು ನನ್ನ ಆಯಿ, ಅಂದರೆ ಅಪ್ಪನ ತಾಯಿ. ಮೂರರಲ್ಲಿ ಎರಡು ಸದ್ದು ಮಾಡುತ್ತಿದ್ದವು.

ಅಜ್ಜ ಮೊದಲು ಕಂಬಳಿ ನೇಯುತ್ತಿದ್ದ. ಒಂದು ದಿನ ಎಲ್ಲಿಂದಲೋ ಉಣ್ಣೆ ಹಿಂಜುವ ಹಳೆಯ ಯಂತ್ರವನ್ನು ಎರಡು ಚಕ್ಕಡಿಗಳಲ್ಲಿ ಹೇರಿಕೊಂಡು ಬಂದು ಗಾದಿ ತುಂಬುವ ಉದ್ಯೋಗ ಶುರುಮಾಡಿದ. ಯಂತ್ರ ಜೋಡಿಸಿ ಮುಗಿದಾಗ ನಾಲ್ಕು ಬಿಡಿಭಾಗ ಉಳಿದವು. ಅವಿಲ್ಲದೆಯೇ ಅದು ಇಂದಿಗೂ ಓಡುತ್ತಿದೆ. ಕನ್ನಡದಲ್ಲಿ ಉಣ್ಣೆಯನ್ನೂ ಹಿಂಜುತ್ತಾರೆ, ಮಾತನ್ನೂ ಹಿಂಜುತ್ತಾರೆ. ಮೊದಲನೆಯದನ್ನು ಯಂತ್ರಕ್ಕೆ ವಹಿಸಿದ ಮೇಲೆ ನಮ್ಮ ಮನೆಯವರಿಗೆ ಎರಡನೆಯದಕ್ಕೆ ಬೇಕಾದಷ್ಟು ಪುರಸೊತ್ತು ಸಿಕ್ಕಿತು.

ಅಜ್ಜನ ನಂತರ ಗಿರಣಿಯ ಮರ್ಯಾದೆ ಆಯಿಯ ಕೈಗೆ ಬಂತು. ಅವಳು ಅದನ್ನು ಕಡ್ಡಿಪೆಟ್ಟಿಗೆಯಿಂದ ಕಾಪಾಡುತ್ತಿದ್ದಳು. ಬಂದ ಉಣ್ಣೆಯಲ್ಲಿ ಒಂದೆಳೆ ಕಿತ್ತು ಸುಡುವಳು. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಉಣ್ಣೆ. ಕರಗಿ ಮಣಿಯಾದರೆ ಪಾಲಿಸ್ಟರ್, ಅಂದರೆ ಮೋಸ.

ಹೋದ ವರ್ಷ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಮಿಶ್ರಿಕೋಟಿಯ ಒಂದು ಮದುವೆಗೆ ಎರಡು ಗಾದಿ ಕಳಿಸಿದ. ವಾರ ಕಳೆದ ಮೇಲೆ ಆಯಿ ಶೆಡ್ಡಿನಲ್ಲಿ ಅವನ್ನು ತುಂಬಿದ್ದ ಮೂಲೆಯಲ್ಲಿ ಬಿದ್ದಿದ್ದ ಎಳೆಯೊಂದಕ್ಕೆ ಕಡ್ಡಿ ಗೀರಿದಳು. ಅದು ಕರಗಿತು.

"ಏನ್ ತುಂಬಿದ್ಯೋ ಆ ಗಾದ್ಯಾಗ?"

"ಉಣ್ಣಿ ಸಾಲಲಿಲ್ಲ ಬೇ. ಮದುವಿ ನಮ್ಮ ಸಲುವಾಗಿ ನಿಲ್ತದೇನು? ಅರ್ಧ ಉಣ್ಣಿನ ಐತಿ," ಎಂದ ಕಾಕಾ.

"ಉಳದರ್ಧ?"

ಕಾಕಾ ಯಂತ್ರಕ್ಕೆ ಎಣ್ಣೆ ಬಿಡತೊಡಗಿದ.

ಮರುದಿನ ಬೆಳಿಗ್ಗೆ ಆಯಿ ಎರಡು ಅಸಲಿ ಗಾದಿಗಳನ್ನು ಟಂಟಂ ರಿಕ್ಷಾದಲ್ಲಿ ಹೇರಿಸಿ, ಮೇಲೆ ನನ್ನನ್ನು ಕೂರಿಸಿ, ಮಿಶ್ರಿಕೋಟಿಗೆ ಹೊರಟಳು. ದಾರಿಯುದ್ದಕ್ಕೂ ನಾನು ತುರಿಸಿಕೊಂಡೆ. ಮದುವೆ ಮನೆಯ ಪಡಸಾಲೆಯಲ್ಲಿ ನಿಂತು, ಎಂದೂ ಯಾರಿಗೂ ತಲೆ ತಗ್ಗಿಸದವಳು ಕೈ ಮುಗಿದಳು.

"ತಪ್ಪ್ ನಮ್ದೈತ್ರಿ. ಅಸಲಿ ಅಂತ ಹೇಳಿ ಕಲಬೆರಕಿ ಕೊಟ್ಟೇವಿ. ಬದಲಿ ತಂದೀನಿ."

ಹೊಸ ಸೊಸೆ ಬಾಗಿಲ ಮರೆಯಿಂದ ಮೆಲ್ಲಗೆ ಹೇಳಿದಳು: "ಅವೇ ಇರ್ಲಿ ಬಿಡ್ರಿ ಆಯಿ. ಮೆತ್ತಗ ಅದಾವು. ಚುಚ್ಚೂದಿಲ್ಲ."

ಆಯಿ ಮುಗಿದ ಕೈ ಕೆಳಗಿಳಿಸಿದಳು. "ಅಂದ್ರ ನಮ್ಮ ಅಸಲಿವು ಚುಚ್ಚತಾವೇನ್ರಿ?"

ನಮ್ಮ ಅಜ್ಜ ತುಂಬಿಕೊಟ್ಟಿದ್ದ ಹಳೆಯ ಗಾದಿಯ ಮೇಲೆ ಕುಳಿತಿದ್ದ ಮನೆಯ ಯಜಮಾನರು ಕೆಳಗೊಮ್ಮೆ ನೋಡಿಕೊಂಡು ಹೇಳಿದರು: "ನಲವತ್ತ ವರ್ಷ ಆತ್ರಿ, ಚುಚ್ಚಾಕ ಹತ್ತಿ. ಆದ್ರ ಒಂದೆಳಿ ಹರದಿಲ್ಲ ನೋಡ್ರಿ."

ಅವರು ಅದನ್ನು ಹೊಗಳಿಕೆಯೆಂದೇ ಹೇಳಿದ್ದರು. ಆಯಿ ಚಹಾ ಕುಡಿದು, ತಂದ ಗಾದಿಗಳನ್ನು ಮರಳಿ ಹೇರಿಸಿದಳು. ದಾರಿಯಲ್ಲಿ ಕುಂದಗೋಳ ದಾಟಿದ ಮೇಲೆ ಒಮ್ಮೆ ಕೈ ಚಾಚಿ ಗಾದಿಯನ್ನು ಸವರಿ ನೋಡಿದಳು. ಮನೆಗೆ ಬಂದವಳೇ ಕಾಕಾನಿಗೆ ಹೇಳಿದಳು: "ಪಾಲಿಸ್ಟರ್ ಕೂಡ್ಸೂದಿದ್ರ ಕೂಡ್ಸು. ಆದ್ರ ಕೂಡ್ಸೀನಿ ಅಂತ ಬಾಯಿಬಿಟ್ಟ ಹೇಳು."

ಈಗ ಶೆಡ್ಡಿನ ಬೋರ್ಡಿನಲ್ಲಿ ಎರಡು ಸಾಲುಗಳಿವೆ: ಅಸಲಿ ಉಣ್ಣೆ ಗಾದಿ, ಅರ್ಧ ಉಣ್ಣೆ ಗಾದಿ. ಬಂದವರು ಎರಡನ್ನೂ ಓದಿ, ಎರಡನ್ನೂ ಒತ್ತಿ ನೋಡಿ, ತಮಗೆ ಅರ್ಧ ಉಣ್ಣೆಯದನ್ನು ಒಯ್ಯುತ್ತಾರೆ. ಬೀಗರ ಸಲುವಾಗಿ ಅಸಲಿಯದನ್ನು. ಆಯಿ ಇದನ್ನು ಬೀಗರ ಮೇಲಿನ ಗೌರವವೆಂದು ತಿಳಿದಿದ್ದಾಳೆ. ಮನೆಯಲ್ಲಿ ಯಾರೂ ತಿದ್ದಲು ಹೋಗಿಲ್ಲ.